ಕಾಡಿನ ಕತ್ತಲಲ್ಲಿ ಜೋಡಿ ಮಿಂಚು



ಶಿರಸಿ, ಸಿದ್ದಾಪುರ, ಯಲ್ಲಾಪುರದ ಸೀಮೆಯಲ್ಲಿ ಹುಲಿ ಕೇವಲ ಪ್ರಾಣಿಯಲ್ಲ. ದೀಪಾವಳಿಯ ಹೊತ್ತಿಗೆ ಹುಲಿದೇವರಿಗೆ ಪೂಜೆ ಸಲ್ಲಿಸುವ ರೂಢಿ ಇಲ್ಲಿಯದು. ದನ ಮೇಯಲು ಹೋಗುವ ಬೆಟ್ಟವೂ ಹುಲಿ, ಚಿರತೆ ಓಡಾಡುವ ಕಾಡೂ ಒಂದಕ್ಕೊಂದು ಅಂಟಿಕೊಂಡಿರುವ ನಾಡಿನಲ್ಲಿ ಇದು ಸಹಜವೇ. ಆದರೆ ‘ನಮ್ಮ ಕಾಡಿನಲ್ಲಿ ಹುಲಿಗಳು ಎಷ್ಟಿವೆ?’ ಎಂಬ ಸರಳ ಪ್ರಶ್ನೆಗೆ ನಂಬಲರ್ಹವಾದ ಉತ್ತರ ದೊರೆತದ್ದು ತೀರ ಈಚೆಗೆ. ಆ ಉತ್ತರದ ಹಿಂದೆ ದೂರದಿಂದಲೇ ಹೊತ್ತಿಕೊಳ್ಳುವ ಮಿಂಚುದೀಪದ ಕಥೆಯಿದೆ.

ಈ ಕಥೆ ಇಂಗ್ಲೆಂಡಿನಿಂದ ಆರಂಭವಾಗುತ್ತದೆ. 1851ರಲ್ಲಿ ಫಾಕ್ಸ್ ಟಾಲ್ಬಟ್ ಎಂಬಾತ ವೇಗವಾಗಿ ತಿರುಗುವ ಚಕ್ರಕ್ಕೆ ಪತ್ರಿಕೆಯ ಹಾಳೆಯೊಂದನ್ನು ಅಂಟಿಸಿ, ಕತ್ತಲ ಕೋಣೆಯಲ್ಲಿ ವಿದ್ಯುತ್ ಕಿಡಿ ಹಾರಿಸಿ, ಅದರ ಛಾಯಾಚಿತ್ರ ತೆಗೆದ. ಕಿಡಿ ಎಷ್ಟು ಕ್ಷಣಿಕವಾಗಿತ್ತೆಂದರೆ, ತಿರುಗುತ್ತಿದ್ದ ಹಾಳೆ ನಿಂತಂತೆಯೇ ಮೂಡಿಬಂತು. ಚಲನೆಯನ್ನು ನಿಲ್ಲಿಸುವ ಶಕ್ತಿ ಕ್ಯಾಮೆರಾದಲ್ಲಿ ಮಾತ್ರವಲ್ಲ, ಬೆಳಕಿನಲ್ಲೂ ಇದೆಯೆಂಬುದು ಇದರಿಂದ ತಿಳಿಯಿತು.

ಅಮೆರಿಕದ ಜಾರ್ಜ್ ಶೈರಾಸ್ ಈ ಬೆಳಕನ್ನು ಕಾಡಿಗೆ ಒಯ್ದ. ದಾರಿಗೆ ಅಡ್ಡಲಾಗಿ ಕಟ್ಟಿದ ಎಳೆಯನ್ನು ಪ್ರಾಣಿ ಎಡವಿದೊಡನೆ ಮಿಂಚುಪುಡಿ ಉರಿಯುವಂತೆ ಮಾಡಿದ. ಅವನ ಚಿತ್ರಗಳು 1906ರಲ್ಲಿ ‘ನ್ಯಾಷನಲ್ ಜಿಯಾಗ್ರಫಿಕ್’ ಪತ್ರಿಕೆಯಲ್ಲಿ ಅಚ್ಚಾದವು. ಭಾರತದಲ್ಲಿ ಅರಣ್ಯಾಧಿಕಾರಿಯಾಗಿದ್ದ ಎಫ್. ಡಬ್ಲ್ಯೂ. ಚಾಂಪಿಯನ್ ಇದೇ ಬಗೆಯ ಉಪಾಯದಿಂದ ಹಿಮಾಲಯದ ತಪ್ಪಲಿನ ಹುಲಿಗಳ ಚಿತ್ರ ತೆಗೆದು, 1927ರಲ್ಲಿ ಪುಸ್ತಕವನ್ನೂ ಪ್ರಕಟಿಸಿದರು. ಬಂದೂಕು ಹಿಡಿದವರೇ ಹೆಚ್ಚಾಗಿದ್ದ ಕಾಲದಲ್ಲಿ ಅವರು ಕ್ಯಾಮೆರಾ ಹಿಡಿದದ್ದು ಗಮನಾರ್ಹ. ಆದರೆ ಪುಡಿ ಒಮ್ಮೆ ಉರಿದರೆ ಮುಗಿಯಿತು. ಮತ್ತೆ ಹೊಸದಾಗಿ ತುಂಬಬೇಕಾಗಿತ್ತು.

ಈ ತೊಡಕನ್ನು ನೀಗಿದ್ದು ವಿದ್ಯುತ್ ಮಿಂಚುದೀಪ, ಅಂದರೆ ಸ್ಟ್ರೋಬ್. 1931ರ ಸುಮಾರಿಗೆ ಹೆರಾಲ್ಡ್ ಎಡ್ಗರ್ಟನ್ ತಿರುಗುವ ಮೋಟಾರುಗಳನ್ನು ಪರೀಕ್ಷಿಸಲು ಇದನ್ನು ಬಳಕೆಗೆ ತಂದರು. ಇದರ ತತ್ತ್ವ ಸರಳ. ಕೆಪಾಸಿಟರಿನಲ್ಲಿ ವಿದ್ಯುತ್ತನ್ನು ಕೂಡಿಡಲಾಗುತ್ತದೆ. ಸಂಜ್ಞೆ ಬಂದೊಡನೆ ಕೆಲವು ಸಾವಿರ ವೋಲ್ಟಿನ ಒಂದು ತಟ್ಟು ಗಾಜಿನ ನಳಿಕೆಯೊಳಗಿನ ಜೆನಾನ್ ಅನಿಲಕ್ಕೆ ದಾರಿ ತೆರೆಯುತ್ತದೆ. ಕೂಡಿಟ್ಟದ್ದೆಲ್ಲ ಸೆಕೆಂಡಿನ ಸಾವಿರದ ಒಂದು ಪಾಲಿನಷ್ಟು ಹೊತ್ತಿನಲ್ಲಿ ಬೆಳಕಾಗಿ ಹರಿದುಬಿಡುತ್ತದೆ.

ಒಂದು ದೀಪ ಸಾಲದಾದಾಗ ಹಲವನ್ನು ಜೋಡಿಸಬೇಕು. ಇದಕ್ಕೆ ಮೂರು ದಾರಿಗಳಿವೆ. ಮೊದಲನೆಯದು ತಂತಿ. ಎರಡನೆಯದು ಬೆಳಕು: ಮೊದಲ ದೀಪದ ಮಿಂಚನ್ನು ಎರಡನೆಯದರ ಬೆಳಕುಗಣ್ಣು ಕಂಡು ತಾನೂ ಮಿಂಚುತ್ತದೆ. ಹತ್ತು ಮೀಟರು ದೂರವನ್ನು ಬೆಳಕು ಸೆಕೆಂಡಿನ ಮೂರು ಕೋಟಿಯಲ್ಲಿ ಒಂದು ಪಾಲು ಹೊತ್ತಿನಲ್ಲಿ ಕ್ರಮಿಸುವುದರಿಂದ ಎರಡೂ ಒಟ್ಟಿಗೇ ಹೊತ್ತಿದಂತೆ ಕಾಣುತ್ತವೆ. ಮದುವೆ ಮಂಟಪದಲ್ಲಿ ನೆಂಟರೊಬ್ಬರ ಫ್ಲ್ಯಾಶಿಗೆ ಛಾಯಾಗ್ರಾಹಕರ ದೀಪವೂ ಮಿಂಚಿಬಿಡುವ ಗುಟ್ಟು ಇದೇ. ಮೂರನೆಯದು ರೇಡಿಯೋ ಅಲೆ; ಇದಕ್ಕೆ ಗೋಡೆ, ಕಂಬಗಳ ಮರೆ ಅಷ್ಟಾಗಿ ಅಡ್ಡಿಯಾಗದು.

ಇನ್ನು ಹುಲಿಯ ಎಣಿಕೆಗೆ ಬರೋಣ. ದಶಕಗಳ ಕಾಲ ನಮ್ಮ ದೇಶದಲ್ಲಿ ಹೆಜ್ಜೆಗುರುತು ನೋಡಿ ಹುಲಿಗಳನ್ನು ಎಣಿಸುತ್ತಿದ್ದರು. ಮಣ್ಣು ಒದ್ದೆಯಾಗಿದ್ದರೆ ಒಂದು ಆಕಾರ, ಒಣಗಿದ್ದರೆ ಇನ್ನೊಂದು. ಆದರೆ ಮೈಮೇಲಿನ ಪಟ್ಟೆಗಳು ಹಾಗಲ್ಲ. ಮನುಷ್ಯನ ಬೆರಳಚ್ಚಿನಂತೆ ಅವು ಒಂದೊಂದು ಹುಲಿಗೂ ಬೇರೆ ಬೇರೆ. ಅಷ್ಟೇ ಅಲ್ಲ, ಒಂದೇ ಹುಲಿಯ ಎಡಮೈ, ಬಲಮೈಗಳ ಪಟ್ಟೆಗಳೂ ಬೇರೆ. ಎಡಮೈಯ ಒಂದು ಚಿತ್ರ, ಬಲಮೈಯ ಒಂದು ಚಿತ್ರ ಬೇರೆ ಬೇರೆ ದಿನ ಸಿಕ್ಕರೆ ಒಂದೇ ಹುಲಿಯನ್ನು ಎರಡೆಂದು ಎಣಿಸುವ ಅಪಾಯವುಂಟು. ಆದುದರಿಂದಲೇ ದಾರಿಯ ಎರಡೂ ಬದಿಗೆ ಕ್ಯಾಮೆರಾ ಮತ್ತು ಮಿಂಚುದೀಪಗಳನ್ನಿಟ್ಟು, ಹುಲಿ ಹಾದಾಗ ಎರಡೂ ಮಗ್ಗುಲುಗಳನ್ನು ಒಂದೇ ಸಲಕ್ಕೆ ಹಿಡಿಯಬೇಕಾಗುತ್ತದೆ.

ಈ ವಿಧಾನಕ್ಕೆ ಗಣಿತದ ಭದ್ರ ತಳಹದಿ ಹಾಕಿದವರು ಕನ್ನಡಿಗರೇ ಆದ ಕೆ. ಉಲ್ಲಾಸ ಕಾರಂತರು. ನಾಗರಹೊಳೆಯಲ್ಲಿ ನಡೆಸಿದ ಅವರ ಅಧ್ಯಯನ 1995ರಲ್ಲಿ ಪ್ರಕಟವಾಯಿತು. ಮೊದಲು ಸಿಕ್ಕ ಹುಲಿಗಳು ಮತ್ತೆ ಎಷ್ಟು ಸಲ ಸಿಗುತ್ತವೆ ಎಂಬುದರಿಂದ, ಕ್ಯಾಮೆರಾಕ್ಕೆ ಸಿಗದೆ ಉಳಿದ ಹುಲಿಗಳನ್ನೂ ಅಂದಾಜು ಮಾಡಬಹುದೆಂದು ಅದು ತೋರಿಸಿತು.

ತಪ್ಪು ಎಣಿಕೆಯ ಬೆಲೆಯೇನು ಎಂಬುದನ್ನು ರಾಜಸ್ಥಾನದ ಸರಿಸ್ಕಾ ಕಲಿಸಿತು. ಕಾಗದದ ಲೆಕ್ಕದಲ್ಲಿ ಹುಲಿಗಳಿದ್ದ ಆ ಕಾಡಿನಲ್ಲಿ ಒಂದೂ ಉಳಿದಿಲ್ಲವೆಂಬುದು 2005ರಲ್ಲಿ ದೃಢಪಟ್ಟಿತು. ಆ ಬಳಿಕ ದೇಶದ ಗಣತಿಯಲ್ಲಿ ಹೆಜ್ಜೆಗುರುತಿನ ಲೆಕ್ಕವನ್ನು ಬಿಟ್ಟು ಕ್ಯಾಮೆರಾವನ್ನು ನೆಚ್ಚಲಾಯಿತು. 2008ರಲ್ಲಿ ಹೊರಬಿದ್ದ ಸಂಖ್ಯೆ ಕೇವಲ 1,411. ಅದು ಕಹಿಯಾಗಿತ್ತು, ಆದರೆ ಹೆಚ್ಚು ನಂಬಲರ್ಹವಾಗಿತ್ತು. 2018ರ ಗಣತಿಯಲ್ಲಿ 26,838 ಕಡೆ ಕ್ಯಾಮೆರಾಗಳನ್ನು ಇಡಲಾಯಿತು. 2022ರ ಗಣತಿಯಂತೆ ಕರ್ನಾಟಕದಲ್ಲಿ ಸುಮಾರು 563 ಹುಲಿಗಳಿವೆ.

ಯಲ್ಲಾಪುರದ ನೆರೆಯಲ್ಲೇ ಇರುವ ದಾಂಡೇಲಿ ಮತ್ತು ಅಣಶಿಯ ಕಾಡುಗಳು 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದವು. 2015ರಲ್ಲಿ ಅದಕ್ಕೆ ಕಾಳಿ ನದಿಯ ಹೆಸರು ಬಂತು. ಅಲ್ಲಿಯೂ ಮರಕ್ಕೆ ಕಟ್ಟಿದ ಜೋಡಿ ಕ್ಯಾಮೆರಾಗಳೇ ಲೆಕ್ಕ ಹೇಳುತ್ತವೆ. ಕರಿಚಿರತೆಯೂ ಅವುಗಳ ಮುಂದೆ ಹಾದಿದೆ. ಈಗ ಕಣ್ಣಿಗೆ ಕಾಣದ ಅವಗೆಂಪು ಬೆಳಕಿನ ಕ್ಯಾಮೆರಾಗಳೂ ಬಂದಿವೆ; ಪ್ರಾಣಿ ಬೆಚ್ಚುವುದು ಕಡಿಮೆ, ಆದರೆ ಪಟ್ಟೆಯ ಸ್ಪಷ್ಟತೆಗೆ ಬಿಳಿಯ ಮಿಂಚೇ ಮೇಲು.

ಹುಲಿದೇವರಿಗೆ ಕೈಮುಗಿಯುವುದು ನಮ್ಮ ಹಿರಿಯರ ವಿವೇಕ. ಆ ಹುಲಿ ನಿಜಕ್ಕೂ ಕಾಡಿನಲ್ಲಿ ಉಳಿದಿದೆಯೇ ಎಂದು ಪ್ರಾಮಾಣಿಕವಾಗಿ ಎಣಿಸಿ ನೋಡುವುದು ನಮ್ಮ ಕಾಲದ ಹೊಣೆ.