ಕುರಿಯ ಕೊರಳಿನಿಂದ ಮಾತ್ರೆಯವರೆಗೆ

ಕೆಲವು ರೋಗಗಳು ಬಾಗಿಲು ತಟ್ಟಿ ಬರುತ್ತವೆ. ಕೆಲವು ಹೇಳದೆ ಕೇಳದೆ ಮನೆಯೊಳಗೆ ಸೇರಿಕೊಳ್ಳುತ್ತವೆ. ಥೈರಾಯ್ಡ್ ಗ್ರಂಥಿಯ ಕೊರತೆ ಈ ಎರಡನೆಯ ಜಾತಿಗೆ ಸೇರಿದ್ದು. ಮೈ ಭಾರವಾಗುತ್ತದೆ, ಮುಖ ಊದಿಕೊಳ್ಳುತ್ತದೆ, ಚರ್ಮ ಒರಟಾಗುತ್ತದೆ, ಕೂದಲು ಉದುರುತ್ತದೆ. ಬೇರೆಯವರಿಗೆ ಸೆಕೆಯಾದಾಗಲೂ ಇವರಿಗೆ ಚಳಿ. ಮಾತು, ನಡಿಗೆ, ನೆನಪು ಎಲ್ಲವೂ ನಿಧಾನ. ವರ್ಷಗಟ್ಟಲೆ ಹೀಗೆ ಸಾಗುವುದರಿಂದ ಮನೆಯವರು ವಯಸ್ಸಾಯಿತೆಂದೋ ಸೋಮಾರಿತನವೆಂದೋ ಅಂದುಕೊಂಡು ಸುಮ್ಮನಾಗುತ್ತಾರೆ. ಕೊರಳಿನ ಮುಂಭಾಗದಲ್ಲಿ ಚಿಟ್ಟೆಯಾಕಾರದಲ್ಲಿ ಶ್ವಾಸನಾಳವನ್ನು ಅಪ್ಪಿಕೊಂಡಿರುವ, ಸುಮಾರು 20 ಗ್ರಾಂ ತೂಕದ ಪುಟ್ಟ ಗ್ರಂಥಿಯೊಂದು ಸೊರಗಿದ್ದರಿಂದ ಇಷ್ಟೆಲ್ಲ ಆಗುತ್ತದೆಂದು ತಿಳಿಯಲು ಮನುಷ್ಯನಿಗೆ ಬಹಳ ಕಾಲ ಹಿಡಿಯಿತು.

ಲಂಡನ್ನಿನ ವೈದ್ಯ ವಿಲಿಯಂ ಗಲ್ 1873ರಲ್ಲಿ ನಡುವಯಸ್ಸಿನ ಹೆಂಗಸರಲ್ಲಿ ಕಂಡ ಈ ಸ್ಥಿತಿಯನ್ನು ವಿವರಿಸಿದ. ವಿಲಿಯಂ ಆರ್ಡ್ ಅದಕ್ಕೆ ‘ಮಿಕ್ಸಿಡೀಮ’ ಎಂದು ಹೆಸರಿಟ್ಟ. ಹೆಸರು ಸಿಕ್ಕಿತು, ಕಾರಣ ಸಿಗಲಿಲ್ಲ. ಕಾರಣ ಹೊಳೆದದ್ದು ಸ್ವಿಟ್ಜರ್ಲೆಂಡಿನಲ್ಲಿ, ಅದೂ ಒಂದು ದುಃಖದ ದಾರಿಯಲ್ಲಿ. ಬರ್ನ್ ನಗರದ ಥಿಯೊಡೋರ್ ಕೋಖರ್ ಗಳಗಂಡದ ಶಸ್ತ್ರಚಿಕಿತ್ಸೆಯಲ್ಲಿ ಎತ್ತಿದ ಕೈ. ತಾನು ಗ್ರಂಥಿಯನ್ನು ಪೂರ್ತಿಯಾಗಿ ತೆಗೆದುಹಾಕಿದ್ದ ರೋಗಿಗಳನ್ನು ಕೆಲವು ವರ್ಷಗಳ ಮೇಲೆ ಮತ್ತೆ ಕರೆಸಿ ನೋಡಿದಾಗ, ಬಹುಮಂದಿ ಜಡವಾಗಿ, ಮುಖ ಊದಿ, ಮಂಕು ಕವಿದವರಂತಿದ್ದರು. ಎಳೆಯರ ಬೆಳವಣಿಗೆಯೇ ನಿಂತುಹೋಗಿತ್ತು. ಕೋಖರ್ ಅದನ್ನು ಮುಚ್ಚಿಡಲಿಲ್ಲ. 1883ರಲ್ಲಿ ವೈದ್ಯರ ಸಭೆಯ ಮುಂದೆಯೇ ಇಟ್ಟ. ಗ್ರಂಥಿಯನ್ನು ಪೂರ್ತಿಯಾಗಿ ತೆಗೆಯುವ ಪದ್ಧತಿಯನ್ನೂ ಕೈಬಿಟ್ಟ. 1909ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ಬಂದದ್ದು ಥೈರಾಯ್ಡಿನ ಮೇಲಿನ ಈ ದುಡಿಮೆಗಾಗಿಯೇ.

ಗ್ರಂಥಿಯಿಲ್ಲದ್ದೇ ರೋಗವಾದರೆ, ಗ್ರಂಥಿಯ ರಸವನ್ನು ಹೊರಗಿನಿಂದ ಕೊಡಬಾರದೇಕೆ? ಇಂಗ್ಲೆಂಡಿನ ನ್ಯೂಕ್ಯಾಸಲ್ಲಿನಲ್ಲಿ ಜಾರ್ಜ್ ಮರ್ರೆ ಎಂಬ 26 ವರ್ಷದ ತರುಣ ವೈದ್ಯ 1891ರಲ್ಲಿ ಇದನ್ನು ಮಾಡಿಯೇ ನೋಡಿದ. ಕುರಿಯ ಥೈರಾಯ್ಡನ್ನು ತಂದು, ಗ್ಲಿಸರಿನ್ ಮತ್ತು ಕಾರ್ಬಾಲಿಕ್ ಆಮ್ಲದಲ್ಲಿ ನೆನೆಸಿ, ಬಟ್ಟೆಯಲ್ಲಿ ಹಿಂಡಿ ತೆಗೆದ ರಸವನ್ನು 46 ವರ್ಷದ ಹೆಂಗಸೊಬ್ಬಳಿಗೆ ಚುಚ್ಚಿದ. ಕೆಲವೇ ತಿಂಗಳಲ್ಲಿ ಮುಖದ ಊತ ಇಳಿಯಿತು, ಮಾತು ಚುರುಕಾಯಿತು. ಮರುವರ್ಷವೇ, ಚುಚ್ಚುವುದೂ ಬೇಕಿಲ್ಲ, ಗ್ರಂಥಿಯನ್ನು ಬಾಯಲ್ಲಿ ತಿನ್ನಿಸಿದರೂ ಸಾಕೆಂದು ಹೆಕ್ಟರ್ ಮೆಕೆಂಜಿ, ಇ. ಎಲ್. ಫಾಕ್ಸ್ ಮೊದಲಾದವರು ತೋರಿಸಿದರು. ಫಾಕ್ಸ್ ತನ್ನ ರೋಗಿಗೆ ಕುರಿಯ ಗ್ರಂಥಿಯನ್ನು ಕೊಚ್ಚಿ, ತುಸು ಹುರಿದು, ಹಣ್ಣಿನ ಜೆಲ್ಲಿಯೊಡನೆ ಕೊಡುತ್ತಿದ್ದ!

ಮರ್ರೆಯ ಆ ಮೊದಲ ರೋಗಿ ಇನ್ನೂ 28 ವರ್ಷ ಬದುಕಿ, 1919ರಲ್ಲಿ ತನ್ನ 74ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಅಷ್ಟು ವರ್ಷಗಳಲ್ಲಿ ಆಕೆಗೆ ಬೇಕಾದ ಔಷಧಕ್ಕೆ 870ಕ್ಕೂ ಹೆಚ್ಚು ಕುರಿಗಳ ಗ್ರಂಥಿಗಳು ಸಂದಿದ್ದುವೆಂದು ಮರ್ರೆಯೇ ಲೆಕ್ಕವಿಟ್ಟು ಬರೆದಿದ್ದಾನೆ. ವಾಚಕರು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಆಕೆ ಗುಣವಾದದ್ದು 1891ರಲ್ಲಿ, ಔಷಧ ನಡೆದದ್ದು ಬದುಕಿನ ಕೊನೆಯವರೆಗೆ. ಇದು ರೋಗವನ್ನು ಓಡಿಸುವ ಮದ್ದಲ್ಲ. ಮೈ ತಾನೇ ತಯಾರಿಸಿಕೊಳ್ಳಲಾರದ್ದನ್ನು ದಿನದಿನವೂ ತುಂಬಿಕೊಡುವ ಪಡಿ.

ಆ ಪಡಿಯಲ್ಲಿ ಇದ್ದುದೇನು? ಅಮೆರಿಕದ ಮೇಯೊ ಚಿಕಿತ್ಸಾಲಯದಲ್ಲಿ ಎಡ್ವರ್ಡ್ ಕೆಂಡಲ್ 1914ರ ಕ್ರಿಸ್ಮಸ್ ದಿನದಂದು ಅದರ ಸಾರವನ್ನು ಹರಳಾಗಿ ಬೇರ್ಪಡಿಸಿದ. ಅದೇ ಥೈರಾಕ್ಸಿನ್. ಮುಂದೆ ಮೂರು ಟನ್ನಿನಷ್ಟು ಹಂದಿಯ ಗ್ರಂಥಿಗಳಿಂದ ಅವನಿಗೆ ದೊರೆತದ್ದು 33 ಗ್ರಾಂ ಮಾತ್ರ. ಬ್ರಿಟನ್ನಿನ ಚಾರ್ಲ್ಸ್ ಹ್ಯಾರಿಂಗ್ಟನ್ 1926ರಲ್ಲಿ ಅದರ ರಚನೆಯನ್ನು ಕಂಡುಹಿಡಿದು, ಮರುವರ್ಷ ಜಾರ್ಜ್ ಬಾರ್ಗರ್ ಜೊತೆಗೂಡಿ ಪ್ರಯೋಗಶಾಲೆಯಲ್ಲೇ ತಯಾರಿಸಿದ. 1950ರ ದಶಕದಲ್ಲಿ ಕೃತಕ ಥೈರಾಕ್ಸಿನ್ನಿನ ಮಾತ್ರೆ ಪೇಟೆಗೆ ಬಂದಿತು. ಕುರಿ ಹಂದಿಗಳ ಹಂಗು ತಪ್ಪುತ್ತ ಬಂದಿತು. ದಿನಕ್ಕೆ 100 ಮೈಕ್ರೊಗ್ರಾಮಿನ ಒಂದು ಮಾತ್ರೆಯೆಂದರೂ 28 ವರ್ಷಕ್ಕೆ ಆಗುವುದು ಸುಮಾರು ಒಂದೇ ಒಂದು ಗ್ರಾಂ!

ಆದರೆ ಮದ್ದು ಸಿಕ್ಕರೆ ಸಾಲದು, ಅಳತೆಯೂ ಸಿಗಬೇಕು. ಆ ಅಳತೆಗಾಗಿ ವೈದ್ಯರು ಇನ್ನೂ ಬಹುಕಾಲ ತಡಕಾಡಿದರು. ನಾಡಿ ನೋಡಿದರು, ತೂಕ ನೋಡಿದರು, ರೋಗಿಯ ಉಸಿರಿನಲ್ಲಿ ಎಷ್ಟು ಆಮ್ಲಜನಕ ಖರ್ಚಾಗುತ್ತದೆಂದು ಅಳೆದರು. ಇವೆಲ್ಲ ಅಂದಾಜಿನ ಮಾತು. ನಿಜವಾದ ಅಳತೆಗೋಲು ಮಿದುಳಿನ ಬುಡದಲ್ಲಿರುವ ಪಿಟ್ಯೂಟರಿ ಗ್ರಂಥಿಯಲ್ಲಿತ್ತು. ಆಳಿನ ಕೆಲಸ ನಿಧಾನವಾದಷ್ಟೂ ಯಜಮಾನನ ಕೂಗು ಜೋರಾಗುವಂತೆ, ಥೈರಾಯ್ಡ್ ಸೋತಷ್ಟೂ ಪಿಟ್ಯೂಟರಿ ಸುರಿಸುವ ಟಿ.ಎಸ್.ಎಚ್. ಎಂಬ ಹಾರ್ಮೋನು ರಕ್ತದಲ್ಲಿ ಏರುತ್ತದೆ. ರೊಸಾಲಿನ್ ಯಾಲೋ ಮತ್ತು ಸಾಲಮನ್ ಬರ್ಸನ್ ವಿಕಿರಣದ ನೆರವಿನಿಂದ ರಕ್ತದೊಳಗಿನ ಹಾರ್ಮೋನುಗಳನ್ನು ಅಳೆಯುವ ವಿಧಾನವನ್ನು ರೂಪಿಸಿದರು. 1960ರ ದಶಕದಲ್ಲಿ ಅದೇ ವಿಧಾನದಿಂದ ಟಿ.ಎಸ್.ಎಚ್. ಅಳತೆಯೂ ಸಾಧ್ಯವಾಯಿತು. ಆಗ ಬಯಲಾದದ್ದೇನು? ದಿನಕ್ಕೆ 200ರಿಂದ 400 ಮೈಕ್ರೊಗ್ರಾಂ ಪಡೆಯುತ್ತಿದ್ದ ರೋಗಿಗಳಲ್ಲಿ ಬಹುಮಂದಿಗೆ ಅದು ಹೆಚ್ಚಾಗಿತ್ತು. 100ರಿಂದ 150 ಸಾಕಾಗಿತ್ತು. ಮಾತ್ರೆ ಕಡಿಮೆಯಾದರೆ ಜಡತೆ. ಹೆಚ್ಚಾದರೆ ಎದೆ ಡವಡವ, ಮೂಳೆಗಳ ಸವೆತ.

ಇಂದು ಮನೆಮನೆಯಲ್ಲಿಯೂ ಈ ಮಾತ್ರೆಯ ಶೀಶೆ ಕಾಣುತ್ತದೆ. ಎರಡು ತಿಂಗಳು ನುಂಗಿ, ಮೈ ಹಗುರವಾದೊಡನೆ ನಿಲ್ಲಿಸುವವರೂ ಇದ್ದಾರೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬುದು ಅವರ ವಾದ. ಬಹುಪಾಲು ರೋಗಿಗಳ ಪಾಲಿಗೆ ಈ ಹೊಳೆ ದಾಟಿ ಮುಗಿಯುವಂಥದಲ್ಲ. ಅವರು ಇನ್ನೂ ದೋಣಿಯಲ್ಲೇ ಇದ್ದಾರೆ. ಥೈರಾಕ್ಸಿನ್ನಿನ ಅರ್ಧ ಭಾಗ ಸವೆಯಲು ಸುಮಾರು ಒಂದು ವಾರ ಬೇಕಾಗುವುದರಿಂದ, ಮಾತ್ರೆ ಬಿಟ್ಟವರಿಗೆ ನಾಳೆಯೇ ಏನೂ ಆಗುವುದಿಲ್ಲ. ಮೋಸ ಹೋಗುವುದು ಅಲ್ಲಿಯೇ. ಅಳತೆ ಬದಲಾದ ಆರೆಂಟು ವಾರಕ್ಕೆ ರಕ್ತಪರೀಕ್ಷೆ, ಆಮೇಲೆ ವರ್ಷಕ್ಕೊಮ್ಮೆಯಾದರೂ ಪರೀಕ್ಷೆ. ಬಸಿರಾದೊಡನೆ ವೈದ್ಯರ ಭೇಟಿ, ಏಕೆಂದರೆ ಆಗ ಮಗುವಿನ ಮಿದುಳಿನ ಬೆಳವಣಿಗೆಯೂ ತಾಯಿಯ ಥೈರಾಕ್ಸಿನ್ನನ್ನು ನೆಚ್ಚಿಕೊಂಡಿರುತ್ತದೆ. ಬರಿಹೊಟ್ಟೆಯಲ್ಲಿ ಮಾತ್ರೆ, ಕಬ್ಬಿಣ ಮತ್ತು ಸುಣ್ಣದಂಶದ ಮಾತ್ರೆಗಳಿಗೆ ನಾಲ್ಕು ಗಂಟೆಯ ಅಂತರ. ಕೇಳಲು ಇವು ಸಣ್ಣ ನಿಯಮಗಳು. ಆದರೆ ‘ಈಗ ಚೆನ್ನಾಗಿದ್ದೇನೆ’ ಎಂಬ ರೋಗಿಯ ಮಾತಾಗಲಿ, ನಾಡಿ ಹಿಡಿದ ವೈದ್ಯನ ಅಂದಾಜಾಗಲಿ ಇಲ್ಲಿ ಸಾಲದೆಂದು ಕಲಿಯಲು ವೈದ್ಯಲೋಕಕ್ಕೆ ಮುಕ್ಕಾಲು ಶತಮಾನ ಹಿಡಿಯಿತು. ನಮಗೆ ಆ ಪಾಠ ಒಂದು ಚಮಚೆಗಿಂತಲೂ ಕಡಿಮೆ ರಕ್ತಕ್ಕೆ ದೊರೆಯುತ್ತಿದೆ.