ಸ್ಟೀಮ್ ಖಾತೆಪುಸ್ತಕದಲ್ಲಿ ವಿಶ್ವಾಸಾರ್ಹತೆಯ ಅಳತೆ (೨೦೧೬–೨೦೨೦)

ಇತಿಹಾಸದ ಅಭ್ಯಾಸಿಗೆ ಎರಡು ಪ್ರಶ್ನೆಗಳು ಮೊದಲ ಪಾಠದಲ್ಲಿಯೇ ಎದುರಾಗುತ್ತವೆ. ಕೈಯಲ್ಲಿರುವ ದಾಖಲೆಯು ಸಾಚಾ ಆದುದೆ ಎಂಬುದು ಮೊದಲನೆಯದು; ಆ ದಾಖಲೆಯಲ್ಲಿ ಮಾತನಾಡುವವನು ನಂಬಿಕೆಗೆ ಅರ್ಹನೆ ಎಂಬುದು ಎರಡನೆಯದು. ಪಶ್ಚಿಮ ಗಂಗರ ತಾಮ್ರಪಟಗಳಲ್ಲಿ ಅನೇಕವು ಕೂಟಶಾಸನಗಳೆಂದು ಫ್ಲೀಟರು ವಾದಿಸಿದಾಗ, ಮತ್ತು ರೈಸರು ಅದನ್ನು ಒಪ್ಪದೆ ಹೋದಾಗ, ಚರ್ಚೆ ನಡೆದುದು ಮುಖ್ಯವಾಗಿ ಮೊದಲನೆಯ ಪ್ರಶ್ನೆಯನ್ನು ಕುರಿತು. ಲಿಪಿಯ ಸ್ವರೂಪ, ತಿಥಿವಾರಗಳ ಹೊಂದಿಕೆ, ಭಾಷೆ ಇವು ಅದಕ್ಕೆ ಒರೆಗಲ್ಲುಗಳು. ಆದರೆ ಶಾಸನವು ನಿಸ್ಸಂದೇಹವಾಗಿ ಸಾಚಾ ಆಗಿದ್ದರೂ, ಅದರ ಪ್ರಶಸ್ತಿಭಾಗದಲ್ಲಿ ಹೆಸರಿಸಿದ ದೇಶಗಳನ್ನೆಲ್ಲ ಆ ಅರಸನು ಗೆದ್ದನೆಂದು ನಾವು ನಂಬಿಬಿಡುವುದಿಲ್ಲ. ಅಕ್ಷರವು ಅಳಿಯದೆ ಉಳಿದಿರುವುದು ಕಲ್ಲಿನ ಗುಣ. ಅದು ಹೇಳುವ ಮಾತು ನಿಜವೆಂಬುದಕ್ಕೆ ಬೇರೆ ಪ್ರಮಾಣ ಬೇಕು.

ಈ ಹಳೆಯ ವಿವೇಕವನ್ನು ಇಲ್ಲಿ ನೆನೆಯಲು ಕಾರಣವುಂಟು. ಅಳಿಸಲಾಗದ ಹೊಸ ಬಗೆಯ ದಾಖಲೆಯೊಂದು ನಮ್ಮ ಕಾಲದಲ್ಲಿ ಹುಟ್ಟಿದೆ. ಅದನ್ನು ಬ್ಲಾಕ್‌ಚೈನ್ ಎಂದು ಕರೆಯುತ್ತಾರೆ. ವ್ಯವಹಾರಗಳನ್ನು ಕಂತೆಕಂತೆಯಾಗಿ ಬರೆದು, ಪ್ರತಿಯೊಂದು ಕಂತೆಯಲ್ಲಿಯೂ ಅದರ ಹಿಂದಿನ ಕಂತೆಯ ಗಣಿತದ ಗುರುತನ್ನು ಸೇರಿಸಿ, ಇಡೀ ಪುಸ್ತಕದ ಪ್ರತಿಗಳನ್ನು ಅನೇಕ ಗಣಕಯಂತ್ರಗಳಲ್ಲಿ ಇರಿಸತಕ್ಕ ಖಾತೆಪುಸ್ತಕ ಇದು. ೨೦೦೯ರಲ್ಲಿ ಬಿಟ್‌ಕಾಯಿನ್ ನಾಣ್ಯದೊಡನೆ ಇದು ಬಳಕೆಗೆ ಬಂದಿತು. ನಡುವಿನ ಒಂದು ಸಾಲನ್ನು ಯಾರಾದರೂ ತಿದ್ದಿದರೆ ಮುಂದಿನ ಗುರುತುಗಳೆಲ್ಲ ತಪ್ಪಿಹೋಗುವುದರಿಂದ ಕಳ್ಳತಿದ್ದುಪಡಿ ಬಯಲಾಗುತ್ತದೆ. ಇಂಥ ಪುಸ್ತಕದ ಮೇಲೆ ಒಂದು ಸಾಮಾಜಿಕ ಜಾಲತಾಣವನ್ನು ಕಟ್ಟಿದರೆ ಅಲ್ಲಿ ಯಾರನ್ನು ನಂಬಬೇಕೆಂಬ ಪ್ರಶ್ನೆಗೆ ಉತ್ತರ ಸಿಗುವುದೆ? ಸ್ಟೀಮ್ ಎಂಬ ವ್ಯವಸ್ಥೆಯ ನಾಲ್ಕು ವರ್ಷಗಳ ಚರಿತ್ರೆಯನ್ನು ಆಧಾರವಾಗಿಟ್ಟುಕೊಂಡು ನಾವು ಈ ಪ್ರಶ್ನೆಯನ್ನು ಪರಿಶೀಲಿಸಲು ಉದ್ದೇಶಿಸಿದ್ದೇವೆ.

೧. ಸಮಸ್ಯೆಯ ಸ್ವರೂಪ

ಮುಖ ಕಾಣದ ವ್ಯವಹಾರದಲ್ಲಿ ನಂಬಿಕೆಯನ್ನು ಅಂಕಿಯಾಗಿಸುವ ಪ್ರಯತ್ನ ಸ್ಟೀಮಿಗಿಂತ ಹಿಂದಿನದು. ೧೯೯೬ರಲ್ಲಿ ಇಬೇ ಎಂಬ ಹರಾಜು ತಾಣವು ಕೊಂಡವನೂ ಮಾರಿದವನೂ ಪರಸ್ಪರ ಅಭಿಪ್ರಾಯ ಬರೆಯುವ ಪದ್ಧತಿಯನ್ನು ಜಾರಿಗೆ ತಂದಿತು. ಅಲ್ಲಿ ಒಂದು ಸಂಸ್ಥೆ ನಡುವೆ ನಿಂತು ಲೆಕ್ಕವನ್ನು ನೋಡಿಕೊಳ್ಳುತ್ತಿತ್ತು. ಅಂಥ ನಡುಸಂಸ್ಥೆ ಇಲ್ಲದ ಕಡೆ ಒಬ್ಬನೇ ಮನುಷ್ಯನು ನೂರು ಹೆಸರುಗಳಲ್ಲಿ ನೂರು ಖಾತೆಗಳನ್ನು ತೆರೆದು, ತನ್ನನ್ನು ತಾನೇ ನೂರು ಬಾಯಿಂದ ಹೊಗಳಿಕೊಳ್ಳಬಹುದು. ೨೦೦೨ರಲ್ಲಿ ಜಾನ್ ಡೌಸರ್ ಅವರು ಇದಕ್ಕೆ ‘ಸಿಬಿಲ್ ಆಕ್ರಮಣ’ವೆಂದು ಹೆಸರಿಟ್ಟು, ಗುರುತನ್ನು ದೃಢಪಡಿಸುವ ಒಂದು ಕೇಂದ್ರವಿಲ್ಲದಿದ್ದರೆ ವಾಸ್ತವ ಪರಿಸ್ಥಿತಿಯಲ್ಲಿ ಇದನ್ನು ಪೂರ್ಣವಾಗಿ ತಡೆಯಲಾಗದೆಂದು ತೋರಿಸಿಕೊಟ್ಟರು.

ನೆಡ್ ಸ್ಕಾಟ್ ಮತ್ತು ಡ್ಯಾನಿಯಲ್ ಲಾರಿಮರ್ ಅವರು ೨೦೧೬ರ ಮಾರ್ಚಿಯಲ್ಲಿ ಸ್ಟೀಮನ್ನು ಆರಂಭಿಸಿದಾಗ ಅವರ ಮುಂದಿದ್ದುದು ಇದೇ ತೊಡಕು. ಅವರ ಸ್ಟೀಮಿಟ್ ಎಂಬ ತಾಣದಲ್ಲಿ ಲೇಖನ ಬರೆದವನಿಗೂ ಅದಕ್ಕೆ ಮತ ಹಾಕಿದವನಿಗೂ ಸ್ಟೀಮ್ ನಾಣ್ಯದ ರೂಪದಲ್ಲಿ ಪ್ರತಿಫಲ ದೊರೆಯುತ್ತಿತ್ತು. ಹಣ ದೊರೆಯುವ ಕಡೆ ಸುಳ್ಳು ಖಾತೆಗಳು ಮುತ್ತುವುದು ಸಹಜ. ಆದಕಾರಣ ಅವರು ತಲೆಗೊಂದು ಮತವೆಂಬ ನಿಯಮವನ್ನು ಬಿಟ್ಟು, ಇಡುಗಂಟಿಗೆ ತಕ್ಕ ಮತವೆಂಬ ನಿಯಮವನ್ನು ಹಿಡಿದರು. ಒಬ್ಬನು ತನ್ನ ನಾಣ್ಯಗಳನ್ನು ‘ಸ್ಟೀಮ್ ಪವರ್’ ಎಂಬ ರೂಪದಲ್ಲಿ ಕಟ್ಟಿಡಬೇಕು. ಹಾಗೆ ಕಟ್ಟಿಟ್ಟುದರ ಪ್ರಮಾಣವೇ ಅವನ ಮತದ ತೂಕ. ಮೊದಲು ಈ ಗಂಟನ್ನು ಬಿಡಿಸಿಕೊಳ್ಳಲು ೧೦೪ ವಾರಗಳು ಬೇಕಾಗಿದ್ದವು. ೨೦೧೬ರ ಡಿಸೆಂಬರಿನಲ್ಲಿ ಅವಧಿಯನ್ನು ೧೩ ವಾರಗಳಿಗೆ ಇಳಿಸಲಾಯಿತು. ಒಂದು ಗಂಟನ್ನು ನೂರು ಖಾತೆಗಳಾಗಿ ಒಡೆದರೂ ಒಟ್ಟು ತೂಕ ಹೆಚ್ಚುವುದಿಲ್ಲವಾದ್ದರಿಂದ ಸುಳ್ಳು ತಲೆಗಳಿಂದ ಲಾಭವಿಲ್ಲ. ಇದು ಜಾಣತನದ ಪರಿಹಾರವೆಂಬುದರಲ್ಲಿ ಸಂಶಯವಿಲ್ಲ. ಆದರೆ ಇದರಿಂದ ಸಮಸ್ಯೆಯು ತಲೆಯಿಂದ ಚೀಲಕ್ಕೆ ಸರಿಯಿತೆಂಬುದನ್ನು ಗಮನಿಸಬೇಕು.

೨. ಖ್ಯಾತಿಯ ಅಂಕಿ

ಪ್ರತಿಯೊಂದು ಖಾತೆಯ ಹೆಸರಿನ ಮಗ್ಗುಲಲ್ಲಿ ಒಂದು ಸಂಖ್ಯೆ ಕಾಣಿಸುತ್ತಿತ್ತು. ಅದೇ ಖ್ಯಾತಿಯ ಅಂಕಿ. ಹೊಸ ಖಾತೆಗೆ ೨೫. ಒಬ್ಬನ ಲೇಖನಕ್ಕೆ ಬಿದ್ದ ಮತಗಳ ತೂಕವನ್ನು ಅವನ ಮೂಲಮೊತ್ತಕ್ಕೆ ಸೇರಿಸುತ್ತ ಹೋಗುವುದು, ವಿರೋಧಮತಗಳ ತೂಕವನ್ನು ಕಳೆಯುವುದು. ಆ ಮೊತ್ತದ ದಶಮಾನ ಲಾಗರಿತಮ್ಮಿನಿಂದ ೯ನ್ನು ಕಳೆದು, ಉಳಿದುದನ್ನು ೯ರಿಂದ ಗುಣಿಸಿ, ೨೫ನ್ನು ಕೂಡಿಸುವುದು. ಇದು ಅದರ ಗಣಿತ. ಆದ್ದರಿಂದ ಅಂಕಿಯಲ್ಲಿ ಒಂಬತ್ತರ ಏರಿಕೆಯೆಂದರೆ ಮೂಲಮೊತ್ತದಲ್ಲಿ ಹತ್ತರಷ್ಟು ಏರಿಕೆ. ೫೨ ಇದ್ದವನಿಗಿಂತ ೬೧ ಇದ್ದವನದು ಹತ್ತುಪಟ್ಟು, ೭೦ ಇದ್ದವನದು ನೂರುಪಟ್ಟು.

ಇದಕ್ಕೆ ಎರಡು ಕಟ್ಟಳೆಗಳಿದ್ದವು. ಖ್ಯಾತಿಯು ಸೊನ್ನೆಗಿಂತ ಕೆಳಗಿಳಿದವನು ಇತರರ ಖ್ಯಾತಿಯನ್ನು ಏರಿಸಲಾರ, ಇಳಿಸಲಾರ. ಎರಡನೆಯದಾಗಿ, ವಿರೋಧಮತದಿಂದ ಮತ್ತೊಬ್ಬನ ಖ್ಯಾತಿಯನ್ನು ತಗ್ಗಿಸಬೇಕಾದರೆ ಮತದಾರನ ಅಂಕಿಯು ಅವನದಕ್ಕಿಂತ ಹೆಚ್ಚಾಗಿರಬೇಕು. ಕಿಡಿಗೇಡಿಗಳು ಸಜ್ಜನರ ಹೆಸರಿಗೆ ಮಸಿ ಬಳಿಯದಿರಲೆಂಬುದು ಈ ಕಟ್ಟಳೆಗಳ ಆಶಯ. ಪರಿಣಾಮದಲ್ಲಿ ಮಾತ್ರ, ಒಮ್ಮೆ ಮೇಲೇರಿದವನನ್ನು ಕೆಳಗಿರುವವರು ಯಾರೂ ಮುಟ್ಟಲಾಗದಂತಾಯಿತು.

ಇನ್ನೊಂದು ಅಂಶವು ಇತಿಹಾಸದ ದೃಷ್ಟಿಯಿಂದ ಮುಖ್ಯವಾದುದು. ಈ ಅಂಕಿಯು ಖಾತೆಪುಸ್ತಕದ ಒಮ್ಮತದ ಭಾಗವಾಗಿರಲಿಲ್ಲ. ಪುಸ್ತಕದಲ್ಲಿ ಬರೆದುದು ಮತಗಳನ್ನು ಮಾತ್ರ. ಖ್ಯಾತಿಯನ್ನು ಎಣಿಸುತ್ತಿದ್ದುದು ಅದಕ್ಕೆ ಹೊರಗಿನಿಂದ ಜೋಡಿಸಿದ ಒಂದು ಉಪಯಂತ್ರ. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ, ಮತಗಳು ಮೂಲಪಾಠ. ಖ್ಯಾತಿಯು ಅದರ ಮೇಲಿನ ಒಂದು ವ್ಯಾಖ್ಯಾನ. ಅಳಿಸಲಾಗದ ಪುಸ್ತಕದ ಗೌರವವು ಈ ವ್ಯಾಖ್ಯಾನಕ್ಕೂ ಅಂಟಿಕೊಂಡು, ಓದುಗರು ಅದನ್ನೇ ಪ್ರಮಾಣವೆಂದು ಎಣಿಸುವಂತಾಯಿತು.

೩. ಅಂಕಿ ಸೋತ ಬಗೆಗಳು

ಅಂಕಿಯ ದೌರ್ಬಲ್ಯವು ಬೇಗನೆ ಬೆಳಕಿಗೆ ಬಂದಿತು. ೨೦೧೬ರ ಜುಲೈ ೧೪ರಂದು ತಾಣದ ಮೇಲೆ ದಾಳಿ ನಡೆದು ಸುಮಾರು ೨೬೦ ಖಾತೆಗಳು ಅನ್ಯರ ವಶವಾದವು. ಕಳವಾದ ಮೌಲ್ಯ ೮೫,೦೦೦ ಡಾಲರಿಗೆ ಒಳಗೆ ಎಂದು ಸಂಸ್ಥೆಯು ಪ್ರಕಟಿಸಿತು. ಖಾತೆಪುಸ್ತಕಕ್ಕೆ ತಿಳಿಯುವುದು ಗುಪ್ತ ಕೀಲಿಯ ಸಹಿ ಮಾತ್ರ. ಕೀಲಿಯನ್ನು ಹಿಡಿದ ಕೈ ಯಾರದೆಂದು ತಿಳಿಯದು. ಕದ್ದವನ ಸಹಿಯೂ ಒಡೆಯನ ಸಹಿಯೂ ಗಣಿತಕ್ಕೆ ಒಂದೇ. ಆದ್ದರಿಂದ ಕಳೆದ ಖಾತೆಯನ್ನು ಮರಳಿ ಪಡೆಯುವ ಕ್ರಮದಲ್ಲಿ ಹಳೆಯ ಕೀಲಿಯ ಜೊತೆಗೆ ಒಡೆಯನನ್ನು ಬಲ್ಲ ಮತ್ತೊಂದು ಖಾತೆಯ ಸಮ್ಮತಿಯೂ ಬೇಕಾಗಿತ್ತು. ಯಾರ ನಂಬಿಕೆಯೂ ಬೇಡವೆಂದು ಹೊರಟ ವ್ಯವಸ್ಥೆಯು ಪರಿಚಿತನ ಸಾಕ್ಷ್ಯಕ್ಕೆ ಮರಳಬೇಕಾಯಿತು.

ಎರಡನೆಯದು ಮತಗಳ ಮಾರಾಟ. ಮೊದಲು ಪ್ರತಿಫಲವು ಮತದ ತೂಕದ ವರ್ಗಕ್ಕೆ ಅನುಸಾರವಾಗಿ ಏರುತ್ತಿತ್ತು. ಅದರಿಂದ ಕೆಲವೇ ದೊಡ್ಡ ಖಾತೆಗಳು ಎಲ್ಲವನ್ನೂ ನಿರ್ಣಯಿಸುತ್ತಿದ್ದವು. ೨೦೧೭ರ ಜೂನಿನಲ್ಲಿ ಅದನ್ನು ನೇರ ಪ್ರಮಾಣಕ್ಕೆ ತಂದರು. ಸಣ್ಣವರಿಗೆ ಇದು ನ್ಯಾಯವಾದುದು. ಆದರೆ ಮತಕ್ಕೆ ಬೆಲೆ ಕಟ್ಟುವುದೂ ಇದರಿಂದ ಸುಲಭವಾಯಿತು. ‘ಬಿಡ್ ಬಾಟ್’ ಎಂಬ ಯಾಂತ್ರಿಕ ಖಾತೆಗಳು ತಲೆಯೆತ್ತಿದವು. ಅವಕ್ಕೆ ನಾಣ್ಯವನ್ನು ಕಳುಹಿಸಿ, ಜೊತೆಯ ಚೀಟಿಯಲ್ಲಿ ತನ್ನ ಲೇಖನದ ವಿಳಾಸವನ್ನು ಬರೆದರೆ, ಸ್ವಲ್ಪ ಹೊತ್ತಿನಲ್ಲಿ ಆ ಲೇಖನಕ್ಕೆ ಭಾರಿ ಮತ ಬೀಳುತ್ತಿತ್ತು. ಮತದೊಡನೆ ಖ್ಯಾತಿಯೂ ಏರುತ್ತಿತ್ತು. ಕೊಂಡ ಹೊಗಳಿಕೆಗೂ ದುಡಿದು ಪಡೆದ ಹೊಗಳಿಕೆಗೂ ಅಂಕಿಯಲ್ಲಿ ಭೇದವಿಲ್ಲ. ಬಡವನಾದ ಹೊಸ ಬರಹಗಾರನು ತಿಂಗಳುಗಟ್ಟಲೆ ಒಳ್ಳೆಯ ಲೇಖನಗಳನ್ನು ಬರೆದರೂ ಕೆಳಗೇ ಉಳಿದಿರುವಾಗ, ನಾಣ್ಯವುಳ್ಳವನು ಕೆಲವೇ ವಾರಗಳಲ್ಲಿ ಅವನಿಗಿಂತ ಮೇಲೆ ನಿಲ್ಲಬಹುದಾಗಿತ್ತು. ಮೇಲೆ ಹೇಳಿದ ಕಟ್ಟಳೆಯಿಂದಾಗಿ ಆ ಬಡವನ ವಿರೋಧಮತವು ಅವನ ಖ್ಯಾತಿಯನ್ನು ತಾಕುತ್ತಲೂ ಇರಲಿಲ್ಲ. ೨೦೧೯ರ ಆಗಸ್ಟಿನಲ್ಲಿ ವಿರೋಧಮತಕ್ಕೆ ಪ್ರತ್ಯೇಕ ಶಕ್ತಿಯನ್ನು ಒದಗಿಸಿ ಇದನ್ನು ತಿದ್ದಲು ಯತ್ನಿಸಲಾಯಿತು.

ಆದರೆ ಇಲ್ಲಿಯೇ ಒಂದು ಗುಣವನ್ನೂ ಹೇಳಬೇಕು. ಕೊಂಡದ್ದೂ ಅದೇ ಪುಸ್ತಕದಲ್ಲಿ ದಾಖಲಾಗಿತ್ತು. ನಾಣ್ಯ ಹೋದ ಹೊತ್ತು, ಚೀಟಿಯಲ್ಲಿದ್ದ ವಿಳಾಸ, ಮತ ಬಂದ ಹೊತ್ತು ಎಲ್ಲವೂ ಯಾರು ಬೇಕಾದರೂ ಓದಬಹುದಾದ ಸಾಲುಗಳು. ಅಂಕಿಯನ್ನು ನೋಡಿದವನು ಮೋಸಹೋದನು. ಸಾಲುಗಳನ್ನು ಓದಿದವನು ಮೋಸಹೋಗಲಿಲ್ಲ.

೪. ೨೦೨೦ರ ಪರೀಕ್ಷೆ

ಸ್ಟೀಮಿನ ಆಡಳಿತವು ‘ಸಾಕ್ಷಿ’ಗಳೆಂಬ ೨೧ ಖಾತೆಗಳ ಕೈಯಲ್ಲಿತ್ತು. ಮೂರು ಸೆಕೆಂಡಿಗೊಂದರಂತೆ ಕಂತೆಗಳನ್ನು ಬರೆಯುವವರು ಇವರೇ. ೨೦ ಮಂದಿಯನ್ನು ಮತದಿಂದ ಆರಿಸುತ್ತಿದ್ದರು; ಉಳಿದ ಒಂದು ಸ್ಥಾನವು ಹಿಂದಿನವರಲ್ಲಿ ಸರದಿಯಂತೆ ಸುತ್ತುತ್ತಿತ್ತು. ನಿಯಮವನ್ನು ಬದಲಾಯಿಸಲು ೧೭ ಮಂದಿಯ ಒಪ್ಪಿಗೆ ಬೇಕು. ಪ್ರತಿಯೊಂದು ಖಾತೆಯೂ ೩೦ ಸಾಕ್ಷಿಗಳಿಗೆ ಮತ ಹಾಕಬಹುದು. ಪ್ರತಿ ಮತಕ್ಕೂ ಇಡುಗಂಟಿನ ಪೂರ್ಣ ತೂಕವುಂಟು. ಆದ್ದರಿಂದ ಸಾಕಷ್ಟು ದೊಡ್ಡ ಗಂಟೊಂದು ಒಂದೇ ಸಲಕ್ಕೆ ಇಪ್ಪತ್ತು ಸ್ಥಾನಗಳನ್ನೂ ತುಂಬಬಲ್ಲದು.

ಆರಂಭದ ದಿನಗಳಲ್ಲಿಯೇ ಸ್ಟೀಮಿಟ್ ಸಂಸ್ಥೆಯು ಒಟ್ಟು ನಾಣ್ಯದ ದೊಡ್ಡ ಪಾಲನ್ನು ತನ್ನಲ್ಲಿ ಇರಿಸಿಕೊಂಡಿತ್ತು. ಅದನ್ನು ವ್ಯವಸ್ಥೆಯ ಅಭಿವೃದ್ಧಿಗೆ ಬಳಸಲಾಗುವುದು, ಸಾಕ್ಷಿಗಳ ಆಯ್ಕೆಗೆ ಬಳಸಲಾಗದು ಎಂಬ ನಂಬಿಕೆಯ ಮೇಲೆ ಸಮುದಾಯವು ನಡೆದುಬಂದಿತ್ತು. ೨೦೨೦ರ ಫೆಬ್ರುವರಿ ೧೪ರಂದು ಟ್ರಾನ್ ವ್ಯವಸ್ಥೆಯ ಸ್ಥಾಪಕರಾದ ಜಸ್ಟಿನ್ ಸನ್ ಅವರು ಆ ಸಂಸ್ಥೆಯನ್ನು ಕೊಂಡ ಸುದ್ದಿ ಪ್ರಕಟವಾಯಿತು. ಅದೇ ತಿಂಗಳಲ್ಲಿ ಸಾಕ್ಷಿಗಳು ಸಂಸ್ಥೆಯ ಗಂಟನ್ನು ತಾತ್ಕಾಲಿಕವಾಗಿ ಸ್ತಂಭನಗೊಳಿಸಿದರು. ಮಾರ್ಚಿ ೨ರಂದು ಬೈನಾನ್ಸ್, ಹುವೋಬಿ, ಪೊಲೊನಿಯೆಕ್ಸ್ ಎಂಬ ವಿನಿಮಯ ಕೇಂದ್ರಗಳ ಮತಗಳ ಬಲದಿಂದ ಇಪ್ಪತ್ತು ಸಾಕ್ಷಿಗಳೂ ಒಮ್ಮೆಗೇ ಪದಚ್ಯುತರಾದರು. ಆ ಕೇಂದ್ರಗಳು ಕಟ್ಟಿಟ್ಟ ನಾಣ್ಯವು ಗ್ರಾಹಕರು ಇರಿಸಿದ್ದ ಠೇವಣಿ. ವಿಷಯ ಬಯಲಾದ ಮೇಲೆ ಕೇಂದ್ರಗಳು ತಮ್ಮ ಮತಗಳನ್ನು ಹಿಂತೆಗೆದುಕೊಂಡವು. ಮುಂದಿನ ದಿನಗಳಲ್ಲಿ ಎರಡು ಪಕ್ಷಗಳಿಗೂ ೧೭ ಸ್ಥಾನಗಳು ದೊರೆಯದೆ ಬಿಕ್ಕಟ್ಟು ಉಳಿಯಿತು.

ಮಾರ್ಚಿ ೨೦ರಂದು ಸಮುದಾಯದ ಒಂದು ಪಕ್ಷವು ಅದೇ ಖಾತೆಪುಸ್ತಕವನ್ನು ನಕಲುಮಾಡಿ ಹೈವ್ ಎಂಬ ಹೊಸ ಕವಲನ್ನು ಹೊರಡಿಸಿತು. ಅಲ್ಲಿ ಎಲ್ಲರ ನಾಣ್ಯವನ್ನೂ ಇದ್ದಂತೆಯೇ ಕೊಡಲಾಯಿತು. ಸಂಸ್ಥೆಯ ಗಂಟನ್ನೂ, ಹೊಸ ಸಾಕ್ಷಿಗಳಿಗೆ ಬೆಂಬಲವಾಗಿ ಮತ ಹಾಕಿದ್ದ ಕೆಲವು ಖಾತೆಗಳ ಪಾಲನ್ನೂ ಬಿಡಲಾಯಿತು. ಇತ್ತ ಸ್ಟೀಮಿನಲ್ಲಿ ಮೇ ೨೦ರಂದು ನಿಯಮವನ್ನು ಬದಲಿಸಿ ೬೪ ಖಾತೆಗಳಿಂದ ಸುಮಾರು ೨ ಕೋಟಿ ೩೬ ಲಕ್ಷ ಸ್ಟೀಮ್ ನಾಣ್ಯಗಳನ್ನು ಕಿತ್ತುಕೊಳ್ಳಲಾಯಿತು.

ಈ ಘಟನೆಗಳಲ್ಲಿ ಖ್ಯಾತಿಯ ಅಂಕಿಯ ಪಾತ್ರವೇನು? ಏನೂ ಇಲ್ಲವೆಂದೇ ಹೇಳಬೇಕಾಗಿದೆ. ಕವಲೊಡೆದ ಗಳಿಗೆಯಲ್ಲಿ ಪ್ರತಿಯೊಬ್ಬನ ಅಂಕಿಯೂ ಎರಡು ಕಡೆಗಳಲ್ಲಿ ಒಂದೇ ಆಗಿತ್ತು, ಏಕೆಂದರೆ ಅದುವರೆಗಿನ ಮತಗಳು ಎರಡಕ್ಕೂ ಸಮಾನ. ಆದರೂ ಒಂದು ಕವಲಿನಲ್ಲಿ ವಿಶ್ವಾಸಪಾತ್ರನೆನಿಸಿದವನು ಮತ್ತೊಂದರಲ್ಲಿ ಅಪರಾಧಿಯಂತೆ ಸೊತ್ತನ್ನು ಕಳೆದುಕೊಂಡನು. ಎರಡು ಪಕ್ಷಗಳೂ ಖಾತೆಗಳನ್ನು ತೂಗಿದುದು ನಡತೆಯಿಂದ: ಯಾರು ಯಾವ ಸಾಕ್ಷಿಗೆ ಮತವಿತ್ತರು, ಯಾವ ದಿನ ಇತ್ತರು, ಯಾರ ಹಣದಿಂದ ಇತ್ತರು ಎಂಬುದರಿಂದ. ಈ ತೀರ್ಪುಗಳೆಲ್ಲ ನ್ಯಾಯವಾದುವೆಂದು ನಾವು ಹೇಳುವುದಿಲ್ಲ. ಮತವೊಂದನ್ನು ಓದಿ ಮತದಾರನ ಮನಸ್ಸನ್ನು ಊಹಿಸುವಲ್ಲಿ ತಪ್ಪು ಸಂಭವಿಸುತ್ತದೆ. ವಾಡಿಕೆಯ ನವೀಕರಣವೆಂದು ಭಾವಿಸಿ ಸಮ್ಮತಿಸಿದೆವೆಂದು ಬೈನಾನ್ಸಿನ ಮುಖ್ಯಸ್ಥರೇ ಹೇಳಿಕೊಂಡರು. ಹೈವ್ ಪಕ್ಷದವರೂ ಬಿಟ್ಟುಹೋದವರು ಮನವಿ ಸಲ್ಲಿಸಿ ಪಾಲನ್ನು ಕೇಳಲು ಅವಕಾಶವಿತ್ತರೆಂಬುದು ಇದೇ ಸಂಶಯದ ಅಂಗೀಕಾರ.

೫. ಉಪಸಂಹಾರ

ಮೇಲ್ಕಂಡ ಚರಿತ್ರೆಯಿಂದ ನಾವು ತಲುಪುವ ನಿರ್ಣಯ ಇದು. ಅಳಿಸಲಾಗದ ಖಾತೆಪುಸ್ತಕವು ಮೊದಲನೆಯ ಪ್ರಶ್ನೆಗೆ, ಎಂದರೆ ದಾಖಲೆಯನ್ನು ತಿದ್ದಿದ್ದಾರೆಯೆ ಎಂಬುದಕ್ಕೆ, ಹಿಂದೆಂದೂ ಇಲ್ಲದಷ್ಟು ದೃಢವಾದ ಉತ್ತರವನ್ನು ಕೊಡುತ್ತದೆ. ಎರಡನೆಯ ಪ್ರಶ್ನೆಗೆ ಅದು ಉತ್ತರವನ್ನು ಕೊಡುವುದಿಲ್ಲ. ಉತ್ತರವನ್ನು ಹುಡುಕಲು ಸಾಮಗ್ರಿಯನ್ನು ಮಾತ್ರ ಕೊಡುತ್ತದೆ. ಆ ಸಾಮಗ್ರಿಯನ್ನು ಒಂದು ಸಂಖ್ಯೆಯಾಗಿ ಕುಗ್ಗಿಸಿದಾಗ ಹಣದ ತೂಕವು ಗುಣದ ತೂಕವೆಂಬಂತೆ ತೋರಿತು.

ಇಂಥ ಖಾತೆಯೊಂದನ್ನು ಪರಿಶೀಲಿಸುವ ವಿದ್ಯಾರ್ಥಿಯು ಶಾಸನವನ್ನು ಓದುವಂತೆಯೇ ಓದತಕ್ಕದ್ದು. ಖಾತೆ ಹುಟ್ಟಿದ್ದು ಎಂದು, ಅದನ್ನು ತೆರೆದುಕೊಟ್ಟವರು ಯಾರು. ಅದಕ್ಕೆ ಬಂದ ಮತಗಳು ಅನೇಕರವೋ ಒಂದೆರಡು ಗಂಟುಗಳವೋ. ಮತಕ್ಕೆ ಮುಂಚೆ ನಾಣ್ಯ ಕೈಬದಲಾಯಿಸಿತ್ತೆ. ತನಗೆ ಲಾಭವಿಲ್ಲದ ಸಂದರ್ಭದಲ್ಲಿ ಅದು ಹೇಗೆ ನಡೆದುಕೊಂಡಿತು? ಪುಸ್ತಕದ ಹೊರಗೆ, ಖಾಸಗಿ ಮಾತಿನಲ್ಲಿ ಆದ ಒಪ್ಪಂದಗಳು ಅಲ್ಲಿ ದಾಖಲಾಗುವುದಿಲ್ಲವೆಂಬ ಎಚ್ಚರವೂ ಇರಬೇಕು. ಇಷ್ಟೆಲ್ಲ ಓದಿದ ಮೇಲೆಯೂ ನಮ್ಮ ನಿರ್ಣಯವು ಸಂಭಾವ್ಯವೇ ಹೊರತು ಸಿದ್ಧವಲ್ಲ. ಆ ೬೪ ಖಾತೆಗಳು ಸೊತ್ತನ್ನು ಕಳೆದುಕೊಂಡ ಕಥೆಯೂ ಪುಸ್ತಕದಲ್ಲಿ ಅಳಿಸಲಾಗದಂತೆ ಬರೆದಿದೆ. ಅದು ನಡೆಯಿತೆಂಬುದಕ್ಕೆ ಪುಸ್ತಕವೇ ಸಾಕ್ಷಿ. ಅದು ನ್ಯಾಯವೋ ಅನ್ಯಾಯವೋ ಎಂಬುದನ್ನು ಓದುವವನು ವಿಚಾರಿಸಿ ಹೇಳಬೇಕು.