ಗುಡ್ಡೆಗೆ ರಬ್ಬರ್ ಬಂದ ಬಗೆ

ಸುಳ್ಯ ದಾಟಿ ಸಂಪಾಜೆಯತ್ತ ಹೋಗುವ ಹಾದಿಯಲ್ಲಿ ಸಿಗುವ ಅರಂತೋಡಿನ ಸುತ್ತಮುತ್ತ ತೋಟವೆಂದರೆ ಬಹುಕಾಲ ಅಡಕೆ ತೋಟವೇ. ನೀರು ಹರಿಯುವ ತಗ್ಗಿನಲ್ಲಿ ಕಂಗು. ಮೇಲಿನ ಗುಡ್ಡೆ ಸೊಪ್ಪು, ತರಗೆಲೆ, ಸೌದೆಗೆ. ಇಪ್ಪತ್ತನೆಯ ಶತಮಾನದ ನಡುಭಾಗದಿಂದ ತಿರುವಾಂಕೂರಿನ ಕ್ರೈಸ್ತ ಕುಟುಂಬಗಳು ಮಲಬಾರು ದಾಟಿ ಕಡಬ, ನೆಲ್ಯಾಡಿ, ಸುಳ್ಯದ ಕಡೆಗೆ ಬಂದಾಗ ಅವರ ಕೈಗೆ ಎಟುಕಿದ್ದು ಹೆಚ್ಚಾಗಿ ಇಂಥ ಗುಡ್ಡೆ. ಅವರನ್ನು ಸಾಹಸಿಗಳೆಂದು ಹೊಗಳುವವರಿದ್ದಾರೆ, ಕಾಡು ಕಡಿದವರೆಂದು ತೆಗಳುವವರೂ ಇದ್ದಾರೆ. ಎರಡೂ ಮಾತು ಅವರ ದಿನನಿತ್ಯದ ತೀರ್ಮಾನಗಳನ್ನು ನೋಡುವುದಿಲ್ಲ. ಕ್ರೈಸ್ತ ಪರಂಪರೆ ನಾಲ್ಕು ಮೂಲ ಸದ್ಗುಣಗಳಲ್ಲಿ ಮೊದಲ ಸ್ಥಾನ ಕೊಟ್ಟಿರುವ ವಿವೇಕ ಏನೆಂಬುದು ಆ ತೀರ್ಮಾನಗಳಲ್ಲೇ ತಿಳಿಯುತ್ತದೆ.

ಹದಿಮೂರನೆಯ ಶತಮಾನದ ಕ್ರೈಸ್ತ ಚಿಂತಕ ಥಾಮಸ್ ಅಕ್ವಿನಾಸ್ ವಿವೇಕಕ್ಕೆ ಮೂರು ಕೆಲಸ ಹೇಳಿದ: ಕೇಳಿ ವಿಚಾರಿಸುವುದು, ತೀರ್ಮಾನಿಸುವುದು, ತೀರ್ಮಾನವನ್ನು ಕಾರ್ಯಕ್ಕಿಳಿಸುವುದು. ಮೂರರಲ್ಲಿ ಕೊನೆಯದೇ ಮುಖ್ಯ. ಹಾಗಾದರೆ ಹೆದರಿ ಕೈಕಟ್ಟಿ ಕೂತವನು ವಿವೇಕಿಯಲ್ಲ. ಗುಡ್ಡೆಯಲ್ಲಿ ಅವರು ಹಾಕಿದ್ದು ರಬ್ಬರ್; ಸಸಿ ನೆಟ್ಟರೆ ಹಾಲು ಇಳಿಸಲು ಸುಮಾರು ಏಳು ವರ್ಷ ಕಾಯಬೇಕು. ಆ ಏಳು ವರ್ಷ ಮನೆಯವರು ತಿನ್ನುವುದೇನು ಎಂಬ ಪ್ರಶ್ನೆಗೆ ಮರಗೆಣಸು ಉತ್ತರವಾಯಿತು. ಊಟಕ್ಕೂ ಆಯಿತು, ಮಾರಲಿಕ್ಕೂ ಆಯಿತು. ಗೋಪುರ ಕಟ್ಟುವ ಮೊದಲು ಕೂತು ಖರ್ಚಿನ ಲೆಕ್ಕ ಹಾಕಬೇಕೆಂಬ ಲೂಕನ ಸುವಾರ್ತೆಯ ಮಾತು ಇಲ್ಲಿ ಉಪದೇಶವಲ್ಲ, ಅಡುಗೆಮನೆಯ ಲೆಕ್ಕ.

ಇದು ಬರೀ ವ್ಯವಹಾರ ಜ್ಞಾನ, ಇದರಲ್ಲಿ ಧರ್ಮವೇನು ಬಂತು ಎನ್ನಬಹುದು. ನಿಜ, ಗೌಡರೂ ಬ್ರಾಹ್ಮಣರೂ ರಬ್ಬರ್ ಹಾಕಿದ್ದಾರೆ. ಶ್ರೀಲಂಕಾದೊಂದಿಗಿನ 1964ರ ಒಪ್ಪಂದದಂತೆ ಅಲ್ಲಿಂದ ಮರಳಿದ ತಮಿಳರಿಗೆ ಕೆಲಸ ಕೊಡಲು ಸರ್ಕಾರವೂ ಸುಳ್ಯ, ಪುತ್ತೂರಿನ ಕಡೆ ರಬ್ಬರ್ ಬೆಳೆಸಿತು. ಆದರೆ ಅಕ್ವಿನಾಸನೇ ಈ ವಿಚಾರವನ್ನು ಕ್ರೈಸ್ತನಲ್ಲದ ಅರಿಸ್ಟಾಟಲನಿಂದ ಪಡೆದವನು. ವಿವೇಕ ಯಾರ ಸ್ವತ್ತೂ ಅಲ್ಲವೆಂದರೆ ಅವನಿಗೇನೂ ಮುಜುಗರವಾಗದು. ನಾಳೆಯ ಚಿಂತೆ ಬಿಡಿ ಎಂದ ಯೇಸುವಿನ ಮಾತು ಇದಕ್ಕಿಂತ ಗಟ್ಟಿಯಾದ ಆಕ್ಷೇಪ. ಅದಕ್ಕೂ ಅಕ್ವಿನಾಸನಲ್ಲಿ ರೈತನಿಗೆ ಒಪ್ಪುವ ಉತ್ತರವಿದೆ: ಒಂದೊಂದು ಕಾಲಕ್ಕೆ ಒಂದೊಂದು ಚಿಂತೆ, ಬೇಸಿಗೆಯ ಕೊಯ್ಲಿನ ಹೊತ್ತಿನಲ್ಲಿ ಮುಂದಿನ ದ್ರಾಕ್ಷಿ ಸುಗ್ಗಿಯ ಚಿಂತೆ ಬೇಡ. ಅಂಗಳದಲ್ಲಿ ಅಡಕೆ ಒಣಗಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗೆಂದು ರಬ್ಬರೇ ವಿವೇಕವಲ್ಲ. ಕೇರಳದಲ್ಲಿ 1914ರ ಹೊತ್ತಿಗೆ ಗುರುತಿಸಲಾದ ಅಡಕೆಯ ಹಳದಿ ರೋಗ ಮುಂದೆ ಸಂಪಾಜೆ, ಅರಂತೋಡು, ತೊಡಿಕಾನದ ತೋಟಗಳನ್ನು ಹಿಡಿಯಿತು. ಅದನ್ನು ವಾಸಿಮಾಡುವ ಮದ್ದು ಇನ್ನೂ ಇಲ್ಲ. ಆಗ ಗುಡ್ಡೆಯ ರಬ್ಬರ್ ಆಸರೆಯಾಗಿ ಕಂಡಿತು. ಆದರೆ 2011ರಲ್ಲಿ ಕಿಲೋಗೆ 200 ರೂಪಾಯಿ ದಾಟಿದ್ದ ರಬ್ಬರ್ ಬೆಲೆ ಐದು ವರ್ಷದೊಳಗೆ ಅರ್ಧಕ್ಕೂ ಕೆಳಗಿಳಿದಾಗ, ಅದೊಂದನ್ನೇ ನಂಬಿದವರೂ ಕಂಗಾಲಾದರು. ಬೆಲೆ ಏರಿದ್ದಾಗ ಕಾಳುಮೆಣಸನ್ನೂ ದನಗಳನ್ನೂ ಬಿಡದೆ ಉಳಿಸಿಕೊಂಡವರೇ ನಿಜವಾಗಿ ಮುಂದಾಲೋಚನೆ ಮಾಡಿದವರು.

ಕೊನೆಯ ಆಕ್ಷೇಪಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಗುಡ್ಡೆ ರಬ್ಬರಾದಲ್ಲಿ ಕೆಳಗಿನ ಕಂಗಿನ ಬುಡಕ್ಕೆ ಬೀಳುತ್ತಿದ್ದ ಸೊಪ್ಪೂ ದನ ಮೇಯುವ ಜಾಗವೂ ಹೋದವು. ತನ್ನ ಮನೆಗೆ ಒಳ್ಳೆಯದಾಗಲೆಂದು ಅಡ್ಡದಾರಿ ಹಿಡಿಯುವ ಜಾಣತನವನ್ನು ಅಕ್ವಿನಾಸ್ ವಿವೇಕದ ಪಟ್ಟಿಯಿಂದಲೇ ತೆಗೆದುಹಾಕುತ್ತಾನೆ. ಗುಡ್ಡೆ ಹಿಡಿದವರಲ್ಲಿ ಬಡತನದಿಂದ ಬಂದವರನ್ನು ಆ ಸಾಲಿಗೆ ಸೇರಿಸಲಾರೆ; ಆದರೆ ನೆಲೆ ನಿಂತ ಮೇಲೂ ಕಾಡಂಚಿನತ್ತ ಬೇಲಿ ಸರಿಸಿದವರು, ಯಾವ ಜಾತಿಮತದವರಾದರೂ ಸರಿ, ಅವರು ಮಾಡಿದ್ದಕ್ಕೆ ವಿವೇಕವೆಂಬ ಹೆಸರು ಕೊಡಲಾಗದು.